ಮಧ್ಯವಯಸ್ಸಿನ ಹಾಗೂ ಹಿರಿಯ ಮಹಿಳೆಯರಲ್ಲಿ ಮೂತ್ರ ಸೋರಿಕೆ

ಮೂತ್ರ ಸೋರಿಕೆ ಎಂದರೆ ಇಚ್ಛೆಗೆ ವಿರುದ್ಧವಾಗಿ, ಹತೋಟಿ ಮೀರಿ ಮೂತ್ರ ಹೊರಬರುವ ಸ್ಥಿತಿ. ಅಂತಾರಾಷ್ಟ್ರೀಯ ಕಾಂಟಿನೆನ್ಸ್ ಸೊಸೈಟಿ 2002ರಲ್ಲಿ ಪ್ರಕಟಿಸಿದ ಪರಿಭಾಷಾ ವರದಿಯ ಪ್ರಕಾರ, ಹನಿಯಷ್ಟಾಗಲಿ ಬಟ್ಟೆ ಪೂರ್ತಿ ತೊಯ್ಯುವಷ್ಟಾಗಲಿ, ತಾನಾಗಿ ಮೂತ್ರ ಹೋಗುತ್ತದೆ ಎಂಬ ಯಾವುದೇ ದೂರು ಇದರ ವ್ಯಾಪ್ತಿಗೆ ಸೇರುತ್ತದೆ. ಇದು ಸ್ವತಂತ್ರ ರೋಗವಲ್ಲ, ಲಕ್ಷಣ. ಇದರ ಹಿಂದೆ ಹೆರಿಗೆಯಲ್ಲಿ ಆದ ಸ್ನಾಯುಗಳ ಗಾಯ, ಋತುಬಂಧದ ನಂತರದ ಬದಲಾವಣೆ, ಮಧುಮೇಹ, ನರಗಳ ತೊಂದರೆ, ಸೇವಿಸುತ್ತಿರುವ ಔಷಧ, ಹೀಗೆ ಹಲವು ಕಾರಣಗಳಿರಬಹುದು. ನಲವತ್ತು ದಾಟಿದ ಮಹಿಳೆಯರಲ್ಲಿ ಇದು ಅತ್ಯಂತ ಸಾಮಾನ್ಯ. ಹಾಗೆಂದು ವಯಸ್ಸಿನ ಸಹಜ ಫಲವೆಂದು ಸಹಿಸಿಕೊಂಡಿರಬೇಕಾದ ಸ್ಥಿತಿಯಲ್ಲ. ಹೆಚ್ಚಿನವರಲ್ಲಿ ಸರಳ ಚಿಕಿತ್ಸೆಯಿಂದಲೇ ಗುಣವಾಗುತ್ತದೆ ಇಲ್ಲವೇ ಗಣನೀಯವಾಗಿ ಕಡಿಮೆಯಾಗುತ್ತದೆ.

ಪ್ರಮಾಣ

ಈ ವಿಷಯದಲ್ಲಿ ನಡೆದ ದೊಡ್ಡ ಸಮೀಕ್ಷೆಗಳಲ್ಲಿ ನಾರ್ವೆಯ ಎಪಿನ್‌ಕಾಂಟ್ ಒಂದು. 1995ರಿಂದ 1997ರ ಅವಧಿಯಲ್ಲಿ ಅಲ್ಲಿನ ಒಂದೇ ಪ್ರಾಂತ್ಯದ ಸುಮಾರು 28,000 ಮಹಿಳೆಯರನ್ನು ವಿಚಾರಿಸಿದಾಗ, ಪ್ರತಿ ನಾಲ್ವರಲ್ಲಿ ಒಬ್ಬರಿಗೆ ಸೋರಿಕೆ ಇತ್ತು. ಸುಮಾರು ಶೇ 7ರಷ್ಟು ಮಂದಿಗೆ ಅದು ದಿನನಿತ್ಯದ ಬದುಕಿಗೆ ತೊಡಕಾಗುವಷ್ಟು ತೀವ್ರವಾಗಿತ್ತು. ಸೋರಿಕೆ ಇದ್ದವರಲ್ಲಿ ಅರ್ಧದಷ್ಟು ಮಂದಿಯದು ಒತ್ತಡದ ಬಗೆ (ಕೆಮ್ಮಿದಾಗ, ಸೀನಿದಾಗ ಸೋರುವುದು), ಶೇ 11ರಷ್ಟು ಮಂದಿಯದು ಅವಸರದ ಬಗೆ (ತಡೆಯಲಾಗದ ಅವಸರದೊಂದಿಗೆ ಸೋರುವುದು), ಶೇ 36ರಷ್ಟು ಮಂದಿಯದು ಎರಡೂ ಕೂಡಿದ ಮಿಶ್ರ ಬಗೆ. ವಯಸ್ಸಿನ ಜೊತೆ ಇದು ಒಂದೇ ಸಮನೆ ಏರುವುದಿಲ್ಲ. ಐವತ್ತರ ಆಸುಪಾಸಿನಲ್ಲಿ ಒಮ್ಮೆ ಹೆಚ್ಚಿ, ಬಳಿಕ ಕೊಂಚ ಇಳಿದು, ಇಳಿವಯಸ್ಸಿನಲ್ಲಿ ಮತ್ತೆ ಏರುತ್ತದೆ. ಮಧ್ಯವಯಸ್ಸಿನಲ್ಲಿ ಒತ್ತಡದ ಸೋರಿಕೆ ಮುಂದಿದ್ದರೆ, ಅರವತ್ತೈದರ ನಂತರ ಅವಸರದ ಮತ್ತು ಮಿಶ್ರ ಸೋರಿಕೆಗಳ ಪಾಲು ಹೆಚ್ಚು. ಬೇರೆ ಬೇರೆ ದೇಶಗಳ ಅಂಕಿಗಳಲ್ಲಿ ಬಹಳ ಅಂತರವಿದೆ. ಪ್ರಶ್ನೆ ಕೇಳುವ ಕ್ರಮ ಒಂದೇ ಇಲ್ಲದಿರುವುದು ಇದಕ್ಕೆ ಒಂದು ಕಾರಣ, ಸಂಕೋಚದಿಂದ ಉತ್ತರಿಸದಿರುವುದು ಇನ್ನೊಂದು.

ಅಂಗರಚನೆ ಮತ್ತು ಕಾರ್ಯ

ಮೂತ್ರಪಿಂಡಗಳಲ್ಲಿ ತಯಾರಾದ ಮೂತ್ರ ನಿಮಿಷಕ್ಕೆ ಸುಮಾರು ಒಂದು ಮಿಲಿಲೀಟರಿನಂತೆ ಮೂತ್ರಕೋಶಕ್ಕೆ ಇಳಿಯುತ್ತಿರುತ್ತದೆ. ಆರೋಗ್ಯವಂತ ಮಹಿಳೆಯ ಮೂತ್ರಕೋಶ 400ರಿಂದ 500 ಮಿ.ಲೀ. ಹಿಡಿಯಬಲ್ಲದು, ಹೋಗಬೇಕೆಂಬ ಮೊದಲ ಸೂಚನೆ ಸಾಮಾನ್ಯವಾಗಿ 150ರಿಂದ 250 ಮಿ.ಲೀ. ತುಂಬಿದಾಗ ಸಿಗುತ್ತದೆ. ಮೂತ್ರಕೋಶದ ಗೋಡೆಯಲ್ಲಿರುವ ಸ್ನಾಯುವಿಗೆ ಡಿಟ್ರೂಸರ್ ಎಂದು ಹೆಸರು. ಅದು ಸಡಿಲವಾಗಿದ್ದಾಗ ಮೂತ್ರ ಶೇಖರವಾಗುತ್ತದೆ, ಸಂಕುಚಿಸಿದಾಗ ಹೊರಹೋಗುತ್ತದೆ. ಮೂತ್ರಕೋಶದಿಂದ ಹೊರಗೆ ತೆರೆದುಕೊಳ್ಳುವ ಮೂತ್ರವಿಸರ್ಜನಾ ನಾಳ (ಈ ಲೇಖನದಲ್ಲಿ ಮುಂದೆ ‘ವಿಸರ್ಜನಾ ನಾಳ’) ಮಹಿಳೆಯರಲ್ಲಿ ಕೇವಲ 4 ಸೆಂ.ಮೀ.ನಷ್ಟು ಉದ್ದ. ಪುರುಷರಲ್ಲಿ ಅದು 18ರಿಂದ 20 ಸೆಂ.ಮೀ. ಇಷ್ಟು ಚಿಕ್ಕ ನಾಳವನ್ನು ಹಗಲಿರುಳು ಮುಚ್ಚಿಟ್ಟಿರುವ ಹೊಣೆ ಅದರ ಸುತ್ತಲಿನ ಸಂಕೋಚಕ ಸ್ನಾಯುಗಳದು, ಒಳಪದರದ ಮೆತ್ತನೆಯ ರಕ್ತನಾಳಭರಿತ ಅಂಗಾಂಶದ್ದು ಮತ್ತು ಕೆಳಗಿನಿಂದ ಆನಿಸಿ ಹಿಡಿದಿರುವ ಶ್ರೋಣಿತಳದ್ದು.

ಶ್ರೋಣಿತಳವೆಂದರೆ ಮುಂದಿನ ಜಘನಾಸ್ಥಿಯಿಂದ ಹಿಂದಿನ ಬಾಲಮೂಳೆಯವರೆಗೆ ಹರಡಿರುವ ಸ್ನಾಯು ಮತ್ತು ತಂತುಕಟ್ಟುಗಳ ಪದರ. ಇದರ ಮುಖ್ಯ ಭಾಗ ಲೆವೇಟರ್ ಏನೈ ಎಂಬ ಸ್ನಾಯುಸಮೂಹ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರೂ ಇದರ ಆಸರೆಯಲ್ಲಿವೆ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ಮೂತ್ರಕೋಶವನ್ನು ಕೆಳಕ್ಕೆ ತಳ್ಳುತ್ತದೆ. ಶ್ರೋಣಿತಳ ಬಿಗಿಯಾಗಿದ್ದರೆ ವಿಸರ್ಜನಾ ನಾಳ ಅದರ ಮೇಲೆ ಒತ್ತಿಕೊಂಡು ಮುಚ್ಚಿಕೊಳ್ಳುತ್ತದೆ. ಅಮೆರಿಕದ ಜಾನ್ ಡಿಲಾನ್ಸಿ 1994ರಲ್ಲಿ ವಿವರಿಸಿದ ಈ ವ್ಯವಸ್ಥೆಗೆ ‘ತೂಗುಮಂಚದ ಸಿದ್ಧಾಂತ’ ಎಂಬ ಹೆಸರಿದೆ. ಅವರೂ ಸಂಗಡಿಗರೂ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಮುಖ್ಯವಾದ ತಿದ್ದುಪಡಿ ತಂದಿತು. ಒತ್ತಡದ ಸೋರಿಕೆ ಇರುವವರಲ್ಲಿ ಆಸರೆಯ ಸಡಿಲಿಕೆಗಿಂತಲೂ ನಾಳದ ಮುಚ್ಚುವ ಬಲ ಕುಗ್ಗಿರುವುದೇ ಹೆಚ್ಚು ಎದ್ದುಕಾಣುತ್ತದೆ ಎಂದು ಅದು ತೋರಿಸಿತು.

ನರಗಳ ನಿಯಂತ್ರಣ ಮೂರು ಹಂತಗಳಲ್ಲಿದೆ. ಸೊಂಟದ ಮೇಲ್ಭಾಗದ ಬೆನ್ನುಹುರಿಯಿಂದ ಬರುವ ಸಿಂಪಥೆಟಿಕ್ ನರಗಳು ಡಿಟ್ರೂಸರ್ ಅನ್ನು ಸಡಿಲವಾಗಿಟ್ಟು ಶೇಖರಣೆಗೆ ನೆರವಾಗುತ್ತವೆ. ಬೆನ್ನುಹುರಿಯ ಕೆಳತುದಿಯ ಸೇಕ್ರಲ್ ಭಾಗದ ಎರಡರಿಂದ ನಾಲ್ಕನೇ ಖಂಡಗಳಿಂದ ಹೊರಡುವ ಪ್ಯಾರಾಸಿಂಪಥೆಟಿಕ್ ನರಗಳು ಅದನ್ನು ಸಂಕುಚಿಸುತ್ತವೆ. ಅದೇ ಖಂಡಗಳ ಪ್ಯುಡೆಂಡಲ್ ನರ ಹೊರಗಿನ ಸಂಕೋಚಕವನ್ನು ಇಚ್ಛಾನುಸಾರ ಬಿಗಿಹಿಡಿಯುತ್ತದೆ. ಇವೆಲ್ಲವನ್ನೂ ಹೊಂದಿಸುವ ಕೇಂದ್ರ ಮೆದುಳುಕಾಂಡದ ಪಾನ್ಸ್‌ನಲ್ಲಿದೆ. ಈಗ ಹೋಗುವುದೋ ಬೇಡವೋ ಎಂದು ತೀರ್ಮಾನಿಸುವುದು ಮೆದುಳಿನ ಮುಂಭಾಗ. ಪಾರ್ಶ್ವವಾಯು, ಪಾರ್ಕಿನ್ಸನ್, ಮರೆಗುಳಿ ರೋಗಗಳಲ್ಲಿ ಮೂತ್ರಕೋಶ ಚೆನ್ನಾಗಿದ್ದರೂ ಹತೋಟಿ ತಪ್ಪುವುದು ಇದೇ ಕಾರಣಕ್ಕೆ.

ಕಾರಣಗಳು

ಹೆರಿಗೆ. ಮಗುವಿನ ತಲೆ ಹೊರಬರುವಾಗ ಲೆವೇಟರ್ ಸ್ನಾಯುವಿನ ಒಳಅಂಚು ತನ್ನ ಸಹಜ ಉದ್ದದ ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆಂದು ಕಂಪ್ಯೂಟರ್ ಮಾದರಿಗಳಿಂದ ಲೆಕ್ಕಹಾಕಲಾಗಿದೆ. ಕೆಲವರಲ್ಲಿ ಸ್ನಾಯು ಮೂಳೆಯಿಂದಲೇ ಕಿತ್ತುಬರುತ್ತದೆ. ಫೋರ್ಸೆಪ್ಸ್ ಬಳಸಿದ ಹೆರಿಗೆಯಲ್ಲಿ ಈ ಅಪಾಯ ಹೆಚ್ಚು. ಗಾಯವಾದ ಕೂಡಲೇ ಸೋರಿಕೆ ಕಾಣಿಸಿಕೊಳ್ಳಬೇಕೆಂದಿಲ್ಲ. ಉಳಿದ ಸ್ನಾಯುಗಳ ಬಲದಿಂದ ಇಪ್ಪತ್ತು ವರ್ಷ ಸುಧಾರಿಸಿಕೊಂಡು, ಋತುಬಂಧದ ಹೊತ್ತಿಗೆ ಆ ಬಲವೂ ಕುಗ್ಗಿದಾಗ ತೊಂದರೆ ಹೊರಬೀಳುವುದುಂಟು. ಎಪಿನ್‌ಕಾಂಟ್ ಮಾಹಿತಿಯನ್ನು ಆಧರಿಸಿ 2003ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ 65 ವರ್ಷದೊಳಗಿನವರನ್ನು ಹೋಲಿಸಲಾಯಿತು. ಹೆರದವರಲ್ಲಿ ಶೇ 10.1, ಸಿಸೇರಿಯನ್ ಮಾತ್ರ ಆದವರಲ್ಲಿ ಶೇ 15.9, ಸಹಜ ಹೆರಿಗೆಯಾದವರಲ್ಲಿ ಶೇ 21 ಮಂದಿಗೆ ಸೋರಿಕೆ ಇತ್ತು. ಬಸಿರು ಕೂಡ ಶ್ರೋಣಿತಳಕ್ಕೆ ಹೊರೆಯೇ ಎಂಬುದು ಈ ಅಂಕಿಗಳಿಂದ ಸ್ಪಷ್ಟ. ಸೋರಿಕೆಯನ್ನು ತಪ್ಪಿಸಲೆಂದೇ ಸಿಸೇರಿಯನ್ ಮಾಡಿಸಿಕೊಳ್ಳುವುದಕ್ಕೆ ಇವು ಆಧಾರವಾಗಲಾರವು.

ಋತುಬಂಧ ಮತ್ತು ವಯಸ್ಸು. ಭಾರತೀಯ ಮಹಿಳೆಯರಿಗೆ ಸರಾಸರಿ 46–47ನೇ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಇದು ಸುಮಾರು 51. ಈಸ್ಟ್ರೋಜೆನ್ ಕಡಿಮೆಯಾದಂತೆ ಯೋನಿ ಮತ್ತು ವಿಸರ್ಜನಾ ನಾಳದ ಒಳಪದರ ತೆಳ್ಳಗಾಗಿ ಒಣಗುತ್ತದೆ. ಉರಿ, ಪದೇಪದೇ ಸೋಂಕು, ತಡೆಯಲಾಗದ ಅವಸರ ಇದರ ಜೊತೆಗೂಡುತ್ತವೆ. ವಯಸ್ಸಿನೊಂದಿಗೆ ಸಂಕೋಚಕದ ಸ್ನಾಯುನಾರುಗಳ ಸಂಖ್ಯೆ ಇಳಿಯುತ್ತದೆ, ರಾತ್ರಿಯ ಮೂತ್ರದ ಪಾಲು ಏರುತ್ತದೆ.

ತೂಕ ಮತ್ತು ಹೊಟ್ಟೆಯೊಳಗಿನ ಒತ್ತಡ. ಬೊಜ್ಜು, ಬಹುದಿನದ ಮಲಬದ್ಧತೆ, ಅಸ್ತಮಾ ಅಥವಾ ಹೊಗೆಯಿಂದಾದ ಕೆಮ್ಮು ಶ್ರೋಣಿತಳದ ಮೇಲೆ ದಿನವೂ ಭಾರ ಹೇರುತ್ತವೆ.

ಶಸ್ತ್ರಚಿಕಿತ್ಸೆ. ಗರ್ಭಕೋಶ ತೆಗೆಸಿಕೊಂಡವರಿಗೆ ಮುಂದೆ ಒತ್ತಡದ ಸೋರಿಕೆಗಾಗಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು ಎಂದು 2007ರಲ್ಲಿ ಸ್ವೀಡನ್ನಿನ ರಾಷ್ಟ್ರವ್ಯಾಪಿ ಅಧ್ಯಯನವೊಂದು ಕಂಡುಕೊಂಡಿತು.

ಔಷಧಗಳು. ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕಗಳು ಅವಸರವನ್ನು ಹೆಚ್ಚಿಸುತ್ತವೆ. ಪ್ರಾಜೋಸಿನ್‌ನಂಥ ಆಲ್ಫಾ ತಡೆಗಳು ವಿಸರ್ಜನಾ ನಾಳವನ್ನು ಸಡಿಲಿಸುತ್ತವೆ. ಎನಾಲಪ್ರಿಲ್ ಗುಂಪಿನವು ಒಣಕೆಮ್ಮು ತಂದು ಸೋರಿಕೆಗೆ ದಾರಿಮಾಡುತ್ತವೆ. ಮಧುಮೇಹಕ್ಕೆ ಈಗ ಬಹಳವಾಗಿ ಬಳಕೆಯಲ್ಲಿರುವ ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕವೇ ಹೊರಹಾಕುವುದರಿಂದ ಮೂತ್ರದ ಪ್ರಮಾಣ ಹೆಚ್ಚುತ್ತದೆ. ನಿದ್ರೆ ಮಾತ್ರೆಗಳು ಹಿರಿಯರಲ್ಲಿ ಎಚ್ಚರವನ್ನೇ ಮಂಕಾಗಿಸುತ್ತವೆ. ಹಿರಿಯರಲ್ಲಿ ಹಠಾತ್ತಾಗಿ ಆರಂಭವಾದ ಸೋರಿಕೆಗೆ ಮೂತ್ರದ ಸೋಂಕು, ಹೊಸ ಔಷಧ, ಗಟ್ಟಿಮಲದ ಶೇಖರಣೆ, ಏರಿದ ರಕ್ತಸಕ್ಕರೆ, ಕಾಯಿಲೆಯಿಂದಾದ ಗೊಂದಲ, ಇವುಗಳಲ್ಲೊಂದು ಕಾರಣವಾಗಿರುವುದು ಹೆಚ್ಚು. ಕಾರಣ ಸರಿಹೋದರೆ ಸೋರಿಕೆಯೂ ನಿಲ್ಲುತ್ತದೆ.

ಬಗೆಗಳು

ಒತ್ತಡದ ಸೋರಿಕೆ. ಕೆಮ್ಮು, ಸೀನು, ನಗು, ಬಿಂದಿಗೆ ಎತ್ತುವುದು, ಮೆಟ್ಟಿಲು ಇಳಿಯುವುದು ಮೊದಲಾದ ಸಂದರ್ಭಗಳಲ್ಲಿ ಹೊಟ್ಟೆಯೊಳಗಿನ ಒತ್ತಡ ಏರಿ ಸ್ವಲ್ಪ ಮೂತ್ರ ಚಿಮ್ಮುವುದು. ಮೊದಲೇ ಅವಸರದ ಸೂಚನೆ ಇರುವುದಿಲ್ಲ. ಮಲಗಿದಾಗ ಸಾಮಾನ್ಯವಾಗಿ ಬಾಧಿಸುವುದಿಲ್ಲ.

ಅವಸರದ ಸೋರಿಕೆ. ಒಮ್ಮೆಲೇ ತಡೆಯಲಾಗದ ಅವಸರವಾಗಿ, ಬಚ್ಚಲು ತಲಪುವುದರೊಳಗೆ ಮೂತ್ರ ಹೋಗುವುದು. ನಲ್ಲಿಯ ನೀರಿನ ಸದ್ದು, ತಣ್ಣೀರಲ್ಲಿ ಕೈ ಅದ್ದುವುದು, ಮನೆಯ ಬೀಗ ತೆರೆಯುವ ಕ್ಷಣ ಇದನ್ನು ಕೆರಳಿಸುತ್ತವೆ. ಹೋಗುವ ಪ್ರಮಾಣವೂ ಹೆಚ್ಚು. ಸೋರಿಕೆ ಇರಲಿ ಬಿಡಲಿ, ಅವಸರದ ಜೊತೆಗೆ ಹಗಲು ಪದೇಪದೇ, ರಾತ್ರಿ ಎದ್ದೆದ್ದು ಹೋಗಬೇಕಾಗುವ ಸ್ಥಿತಿಯನ್ನು ಅತಿಚಟುವಟಿಕೆಯ ಮೂತ್ರಕೋಶ ಎನ್ನುತ್ತಾರೆ.

ಮಿಶ್ರ ಸೋರಿಕೆಯಲ್ಲಿ ಎರಡೂ ಇರುತ್ತವೆ. ಯಾವುದು ಹೆಚ್ಚು ಕಾಡುತ್ತದೆಯೋ ಅದಕ್ಕೆ ಮೊದಲು ಚಿಕಿತ್ಸೆ ನೀಡುವುದು ವಾಡಿಕೆ.

ತುಂಬಿ ಹರಿಯುವ ಸೋರಿಕೆ. ಮೂತ್ರಕೋಶ ಪೂರ್ತಿ ಖಾಲಿಯಾಗದೆ, ತುಂಬಿದ್ದು ತೊಟ್ಟಿಕ್ಕುವುದು. ಹಳೆಯ ಮಧುಮೇಹದಿಂದ ನರಗಳು ಸೋತಾಗ, ಜಾರಿದ ಗರ್ಭಕೋಶ ನಾಳವನ್ನು ಮಡಿಚಿದಾಗ ಇದು ಉಂಟಾಗುತ್ತದೆ. ಇದನ್ನು ಗುರುತಿಸದೆ ಅವಸರಕ್ಕೆ ಕೊಡುವ ಮಾತ್ರೆ ಕೊಟ್ಟರೆ ಮೂತ್ರ ಪೂರ್ತಿ ಕಟ್ಟಿಕೊಳ್ಳುವ ಅಪಾಯವಿದೆ.

ಚಲನೆಯ ತೊಂದರೆಯಿಂದಾಗುವ ಸೋರಿಕೆ. ಮೂತ್ರಕೋಶ ಸರಿಯಿದ್ದರೂ ಮಂಡಿನೋವು, ದೃಷ್ಟಿದೋಷ, ಮರೆವು ಇವುಗಳಿಂದ ಸಮಯಕ್ಕೆ ಬಚ್ಚಲಿಗೆ ಹೋಗಲಾಗದಿರುವುದು. ಹಿತ್ತಿಲ ತುದಿಯಲ್ಲಿರುವ, ಕುಕ್ಕರುಗಾಲಲ್ಲಿ ಕೂರಬೇಕಾದ ಶೌಚಾಲಯ ಎಪ್ಪತ್ತು ದಾಟಿದವರಿಗೆ ಇದರ ನೇರ ಕಾರಣವಾಗುತ್ತದೆ.

ನಿರಂತರ ಸೋರಿಕೆ. ಹಗಲು ರಾತ್ರಿ ಎಡೆಬಿಡದೆ ಸೋರುತ್ತಿದ್ದರೆ ಮೂತ್ರಕೋಶಕ್ಕೂ ಯೋನಿಗೂ ನಡುವೆ ತೂತು, ಅಂದರೆ ಫಿಸ್ಟುಲಾ, ಉಂಟಾಗಿರುವುದನ್ನು ಶಂಕಿಸಬೇಕು. ಹೆರಿಗೆ ಬಹುಹೊತ್ತು ತಡೆದಾಗ, ಗರ್ಭಕೋಶದ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ ಚಿಕಿತ್ಸೆಯ ನಂತರ ಇದು ಸಂಭವಿಸುತ್ತದೆ.

ಇತಿಹಾಸ

ಈಜಿಪ್ಟಿನ ಹನ್ನೊಂದನೇ ರಾಜವಂಶದ ಕಾಲದ, ಸುಮಾರು ನಾಲ್ಕು ಸಾವಿರ ವರ್ಷ ಹಳೆಯದಾದ ಹೆನ್‌ಹೆನಿತ್ ಎಂಬ ಮಹಿಳೆಯ ಮಮ್ಮಿಯಲ್ಲಿ ಹೆರಿಗೆಯಿಂದಾದ ದೊಡ್ಡ ಫಿಸ್ಟುಲಾ ಇರುವುದನ್ನು ಅಂಗರಚನಾ ತಜ್ಞ ಡಗ್ಲಸ್ ಡೆರಿ ಗುರುತಿಸಿದರು. ಭಾರತದಲ್ಲಿ ಚರಕಸಂಹಿತೆಯು ತಡೆಯಬಾರದ ದೇಹವೇಗಗಳಲ್ಲಿ ಮೂತ್ರವನ್ನು ಸೇರಿಸಿದೆ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂತ್ರಾಘಾತಗಳಿಗೆ, ಅಂದರೆ ಮೂತ್ರದ ತಡೆಯ ತೊಂದರೆಗಳಿಗೆ, ಪ್ರತ್ಯೇಕ ಅಧ್ಯಾಯವಿದೆ.

ಆಧುನಿಕ ಶಸ್ತ್ರಚಿಕಿತ್ಸೆಯ ಆರಂಭದಲ್ಲಿ ಗುಲಾಮಗಿರಿಯ ಕ್ರೌರ್ಯವಿದೆ. ಅಮೆರಿಕದ ಅಲಬಾಮಾದಲ್ಲಿ ಜೆ. ಮೇರಿಯನ್ ಸಿಮ್ಸ್ 1840ರ ದಶಕದಲ್ಲಿ ಗುಲಾಮ ಮಹಿಳೆಯರ ಮೇಲೆ ಅರಿವಳಿಕೆಯಿಲ್ಲದೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ನಡೆಸಿ, 1849ರಲ್ಲಿ ಬೆಳ್ಳಿಯ ತಂತಿಯ ಹೊಲಿಗೆಯಿಂದ ಫಿಸ್ಟುಲಾ ಮುಚ್ಚುವುದರಲ್ಲಿ ಯಶಸ್ವಿಯಾದರು. ಆ ಮಹಿಳೆಯರಲ್ಲಿ ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂವರ ಹೆಸರು ಮಾತ್ರ ದಾಖಲಾಗಿ ಉಳಿದಿದೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿದ್ದ ಸಿಮ್ಸ್ ಪ್ರತಿಮೆಯನ್ನು 2018ರಲ್ಲಿ ತೆಗೆಯಲಾಯಿತು.

ಒತ್ತಡದ ಸೋರಿಕೆಗೆ ಮಾರ್ಷಲ್, ಮಾರ್ಕೆಟಿ ಮತ್ತು ಕ್ರಾಂಟ್ಸ್ 1949ರಲ್ಲಿ, ಜಾನ್ ಬರ್ಚ್ 1961ರಲ್ಲಿ ಹೊಟ್ಟೆಯ ಮೂಲಕ ಮೂತ್ರಕೋಶದ ಕುತ್ತಿಗೆಯನ್ನು ಮೇಲಕ್ಕೆತ್ತಿ ಹೊಲಿಯುವ ವಿಧಾನಗಳನ್ನು ವಿವರಿಸಿದರು. ಅದಕ್ಕೆ ಮೊದಲೇ, 1948ರಲ್ಲಿ, ಅಮೆರಿಕದ ಸ್ತ್ರೀರೋಗತಜ್ಞ ಆರ್ನಲ್ಡ್ ಕೇಗಲ್ ಹೆರಿಗೆಯ ನಂತರ ಶ್ರೋಣಿತಳವನ್ನು ವ್ಯಾಯಾಮದಿಂದ ಬಲಪಡಿಸುವ ಕ್ರಮವನ್ನು ಪ್ರಕಟಿಸಿದ್ದರು. 1996ರಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ವಿಸರ್ಜನಾ ನಾಳದ ಮಧ್ಯಭಾಗಕ್ಕೆ ಸಡಿಲವಾಗಿ ಪಟ್ಟಿ ತೊಡಿಸುವ ಸಣ್ಣ ಶಸ್ತ್ರಚಿಕಿತ್ಸೆಯನ್ನು ಪರಿಚಯಿಸಿದರು. 2001ರಲ್ಲಿ ಫ್ರಾನ್ಸಿನ ಡೆಲಾರ್ಮ್ ಪಟ್ಟಿಯನ್ನು ತೊಡೆಯ ಸಂದಿಯ ಕಡೆಯಿಂದ ಹಾಯಿಸುವ ಮಾರ್ಪಾಡು ತಂದರು.

ರೋಗನಿರ್ಣಯ

ಬಹುತೇಕ ಪ್ರಕರಣಗಳಲ್ಲಿ ಸಮಾಧಾನದಿಂದ ವಿಚಾರಿಸಿದರೆ ಬಗೆ ತಿಳಿಯುತ್ತದೆ. ಯಾವಾಗ ಹೋಗುತ್ತದೆ, ಎಷ್ಟು ಹೋಗುತ್ತದೆ, ಮೊದಲು ಅವಸರವಾಗುತ್ತದೆಯೇ, ರಾತ್ರಿ ಎಷ್ಟು ಸಲ ಏಳುತ್ತೀರಿ, ಹೆರಿಗೆಗಳು ಹೇಗಾದವು, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂಬ ಪ್ರಶ್ನೆಗಳು ಮುಖ್ಯ. ನೇರವಾಗಿ ಕೇಳದ ಹೊರತು ಹೆಚ್ಚಿನವರು ಹೇಳುವುದಿಲ್ಲ.

ಅತ್ಯಂತ ಉಪಯುಕ್ತವಾದ ಸಾಧನ ಮೂರು ದಿನಗಳ ಮೂತ್ರ ದಿನಚರಿ. ಒಂದು ನೋಟ್‌ಬುಕ್, ಅಳತೆಯ ಗುರುತಿರುವ ಪ್ಲಾಸ್ಟಿಕ್ ಮಗ್ ಇದ್ದರೆ ಸಾಕು. ಅದರಲ್ಲಿ ಬರೆಯುವುದು ಹೀಗೆ: ಬೆಳಿಗ್ಗೆ 6ಕ್ಕೆ ಎದ್ದು ಹೋದದ್ದು 350 ಮಿ.ಲೀ.; 6.30ಕ್ಕೆ ಕಾಫಿ ಒಂದು ಲೋಟ; 7.45ಕ್ಕೆ ಪಾತ್ರೆ ತೊಳೆಯುವಾಗ ಅವಸರ, ದಾರಿಯಲ್ಲೇ ಸೋರಿಕೆ, ಹೋದದ್ದು 90 ಮಿ.ಲೀ. ಮಾತ್ರ; 11ಕ್ಕೆ ಸೀನಿದಾಗ ಹನಿ. ಇಂಥ ನಾಲ್ಕು ಸಾಲುಗಳೇ ಮಿಶ್ರ ಸೋರಿಕೆಯ ಸುಳಿವು ಕೊಡುತ್ತವೆ. ಇಡೀ ದಿನದ ಮೂತ್ರದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ತಯಾರಾಗುತ್ತಿದ್ದರೆ ದೋಷ ಮೂತ್ರಕೋಶದ್ದಲ್ಲದೆ ಹೃದಯದ್ದೋ, ಕಾಲುಬಾವಿನದ್ದೋ, ನಿದ್ರೆಯಲ್ಲಿ ಉಸಿರುಕಟ್ಟುವಿಕೆಯದ್ದೋ ಇರಬಹುದು ಎಂಬುದೂ ದಿನಚರಿಯಿಂದಲೇ ತಿಳಿಯುತ್ತದೆ.

ದೇಹಪರೀಕ್ಷೆಯಲ್ಲಿ ಗರ್ಭಕೋಶ ಅಥವಾ ಯೋನಿಗೋಡೆ ಜಾರಿದೆಯೇ, ಒಳಪದರ ಒಣಗಿದೆಯೇ, ಶ್ರೋಣಿತಳ ಬಿಗಿಹಿಡಿಯಲು ಬರುತ್ತದೆಯೇ ಎಂದು ನೋಡುತ್ತಾರೆ. ಮೂತ್ರಕೋಶ ತುಂಬಿರುವಾಗ ಜೋರಾಗಿ ಕೆಮ್ಮಿಸುವುದು ಕೆಮ್ಮು ಪರೀಕ್ಷೆ. ಕೆಮ್ಮಿದ ಕ್ಷಣದಲ್ಲೇ ಮೂತ್ರ ಚಿಮ್ಮಿದರೆ ಒತ್ತಡದ ಸೋರಿಕೆ ಖಚಿತ; ಕೆಲವು ಸೆಕೆಂಡು ತಡವಾಗಿ ಧಾರೆಯಾಗಿ ಹೋದರೆ ಕೆಮ್ಮು ಡಿಟ್ರೂಸರನ್ನು ಕೆರಳಿಸಿದೆ ಎಂದರ್ಥ. ಮೂತ್ರಪರೀಕ್ಷೆ ಮತ್ತು ರಕ್ತಸಕ್ಕರೆ ಪರೀಕ್ಷೆ ಎಲ್ಲರಿಗೂ ಬೇಕು. ಮೂತ್ರಕ್ಕೆ ಹೋಗಿಬಂದ ಮೇಲೆ ಒಳಗೆ ಉಳಿದದ್ದೆಷ್ಟು ಎಂಬುದನ್ನು ಅಲ್ಟ್ರಾಸೌಂಡಿನಿಂದ ಅಳೆಯುತ್ತಾರೆ. 50 ಮಿ.ಲೀ.ಗಿಂತ ಕಡಿಮೆ ಇದ್ದರೆ ಸಹಜ, 200 ಮಿ.ಲೀ. ಮೀರಿದರೆ ಅಸಹಜ. ಮೂತ್ರಕೋಶದ ಒತ್ತಡವನ್ನು ಕೆಥೆಟರ್ ಮೂಲಕ ಅಳೆಯುವ ಯುರೋಡೈನಾಮಿಕ್ಸ್ ಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ಸ್ಪಷ್ಟತೆ ಇಲ್ಲದಿರುವಾಗ, ಹಿಂದಿನ ಶಸ್ತ್ರಚಿಕಿತ್ಸೆ ವಿಫಲವಾದಾಗ, ನರರೋಗವಿದ್ದಾಗ ಮಾಡುತ್ತಾರೆ.

ಮೂತ್ರದಲ್ಲಿ ರಕ್ತ, ಮೂತ್ರಕೋಶ ಅಥವಾ ಶ್ರೋಣಿಯಲ್ಲಿ ನೋವು, ಯೋನಿಯಿಂದ ಹೊರಕ್ಕೆ ಗಡ್ಡೆ ಬಂದಂತಾಗುವುದು, ಸೋರಿಕೆಯ ಜೊತೆಗೆ ಕಾಲುಗಳ ಬಲಹೀನತೆ ಅಥವಾ ಮರಗಟ್ಟುವಿಕೆ, ಇವುಗಳಲ್ಲಿ ಯಾವುದಿದ್ದರೂ ತಜ್ಞರ ಪರೀಕ್ಷೆ ಅನಿವಾರ್ಯ. ಮೂತ್ರ ಪೂರ್ತಿ ಕಟ್ಟಿಕೊಂಡರೆ ಅಥವಾ ಕಾಲುಗಳ ಬಲ ಹಠಾತ್ತನೆ ಕುಂದಿದರೆ ಅದು ತುರ್ತುಸ್ಥಿತಿ.

ಚಿಕಿತ್ಸೆ

ಜೀವನಕ್ರಮ. ಬೊಜ್ಜಿರುವವರು ತೂಕ ಇಳಿಸುವುದರಿಂದ ಸಿಗುವ ಲಾಭ ಚೆನ್ನಾಗಿ ಸಾಬೀತಾಗಿದೆ. ಅಮೆರಿಕದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪ್ರೈಡ್ ಪ್ರಯೋಗದಲ್ಲಿ ಆರು ತಿಂಗಳಲ್ಲಿ ಶೇ 8ರಷ್ಟು ತೂಕ ಇಳಿಸಿದ ಗುಂಪಿನಲ್ಲಿ ವಾರದ ಸೋರಿಕೆಗಳ ಸಂಖ್ಯೆ ಶೇ 47ರಷ್ಟು ಕಡಿಮೆಯಾಯಿತು; ಆರೋಗ್ಯಶಿಕ್ಷಣ ಮಾತ್ರ ಪಡೆದ ಗುಂಪಿನಲ್ಲಿ ಶೇ 28ರಷ್ಟು. ಕಾಫಿ, ಟೀ ಕಡಿಮೆ ಮಾಡುವುದು, ಮಲಬದ್ಧತೆ ನಿವಾರಿಸುವುದು, ಮಲಗುವ ಎರಡು ಮೂರು ಗಂಟೆ ಮೊದಲು ನೀರು ಕುಡಿಯುವುದನ್ನು ಮಿತಗೊಳಿಸುವುದು ಸಹಾಯಕ. ಸೋರಿಕೆಗೆ ಹೆದರಿ ಇಡೀ ದಿನ ನೀರು ಕುಡಿಯದಿರುವುದು ತಪ್ಪು: ಮೂತ್ರ ಗಾಢವಾಗಿ ಮೂತ್ರಕೋಶವನ್ನು ಕೆರಳಿಸುತ್ತದೆ, ಸೋಂಕಿಗೂ ಮಲಬದ್ಧತೆಗೂ ಎಡೆಮಾಡುತ್ತದೆ.

ಶ್ರೋಣಿತಳ ವ್ಯಾಯಾಮ. ಒತ್ತಡದ ಮತ್ತು ಮಿಶ್ರ ಸೋರಿಕೆಗೆ ಇದೇ ಮೊದಲ ಚಿಕಿತ್ಸೆ. 2018ರ ಕಾಕ್ರೇನ್ ವಿಮರ್ಶೆಯ ಪ್ರಕಾರ, ಒತ್ತಡದ ಸೋರಿಕೆ ಇದ್ದು ವ್ಯಾಯಾಮ ಮಾಡಿದವರಲ್ಲಿ ಶೇ 56 ಮಂದಿ ಗುಣವಾಯಿತೆಂದು ತಿಳಿಸಿದರು. ಮಾಡದವರಲ್ಲಿ ಹಾಗೆ ಹೇಳಿದವರು ಶೇ 6. ಗಾಳಿ ಹೋಗದಂತೆ ತಡೆಯುವಾಗ ಗುದದ್ವಾರವನ್ನು ಒಳಕ್ಕೆ ಮೇಲಕ್ಕೆ ಸೆಳೆದುಕೊಳ್ಳುವಂತೆ ಬಿಗಿ ಮಾಡಬೇಕು. ಹೊಟ್ಟೆ, ತೊಡೆ, ಪೃಷ್ಠ ಸಡಿಲವಾಗಿರಬೇಕು, ಉಸಿರು ಹಿಡಿಯಬಾರದು. ಮೊದಮೊದಲು ಐದು ಸೆಕೆಂಡು ಬಿಗಿಹಿಡಿದು ಅಷ್ಟೇ ಹೊತ್ತು ಸಡಿಲಬಿಟ್ಟು, ಕ್ರಮೇಣ ಹತ್ತು ಸೆಕೆಂಡಿಗೆ ಏರಿಸಬೇಕು. ಒಂದು ಸಲಕ್ಕೆ ಕನಿಷ್ಠ ಎಂಟು ಬಾರಿಯಂತೆ ದಿನಕ್ಕೆ ಮೂರು ಸಲ, ಕನಿಷ್ಠ ಮೂರು ತಿಂಗಳು ಮಾಡಬೇಕು. ಮಲಗಿ ಕಲಿತದ್ದನ್ನು ಬಳಿಕ ಕುಳಿತು, ನಿಂತು ಮಾಡುತ್ತಾರೆ. ಕೆಮ್ಮು ಅಥವಾ ಸೀನು ಬರುವ ಮುನ್ನವೇ ಬಿಗಿ ಮಾಡುವ ರೂಢಿ ಒಂದು ವಾರದೊಳಗೇ ಸೋರಿಕೆಯನ್ನು ಕಡಿಮೆ ಮಾಡಬಲ್ಲದೆಂದು 1998ರ ಅಧ್ಯಯನವೊಂದು ತೋರಿಸಿದೆ. ಮೂತ್ರದ ಧಾರೆಯನ್ನು ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದು ಸರಿಯಲ್ಲ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯಬಹುದು.

ಈ ಚಿಕಿತ್ಸೆ ಸೋಲುವುದು ಹೆಚ್ಚಾಗಿ ಕಲಿಸುವ ಹಂತದಲ್ಲೇ. 1991ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ, ಬಾಯಿಮಾತಿನ ಸೂಚನೆ ಮಾತ್ರ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಸರಿಯಾಗಿ ಬಿಗಿ ಮಾಡಿದರು. ಕಾಲುಭಾಗದಷ್ಟು ಮಂದಿ ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕಿ, ಸೋರಿಕೆಯನ್ನು ಹೆಚ್ಚಿಸಬಹುದಾದ ರೀತಿಯಲ್ಲಿ ಮಾಡುತ್ತಿದ್ದರು. ಆದ್ದರಿಂದ ಫಿಸಿಯೋಥೆರಪಿಸ್ಟ್ ಅಥವಾ ತರಬೇತಾದ ನರ್ಸ್ ಒಮ್ಮೆಯಾದರೂ ಪರೀಕ್ಷಿಸಿ ಕಲಿಸುವುದು ಅಗತ್ಯ. ಬಾಣಂತನದಲ್ಲಿ ಹೊಟ್ಟೆಗೆ ಬಟ್ಟೆ ಬಿಗಿದು ಕಟ್ಟುವ ರೂಢಿ ಈ ವ್ಯಾಯಾಮಕ್ಕೆ ಬದಲಿಯಲ್ಲ. ಅದರಿಂದ ಶ್ರೋಣಿತಳ ಬಲಗೊಳ್ಳುವುದಿಲ್ಲ.

ಮೂತ್ರಕೋಶದ ತರಬೇತಿ. ಅವಸರದ ಸೋರಿಕೆಗೆ ಇದು ಮೊದಲ ಹೆಜ್ಜೆ. ಗಂಟೆಗೊಮ್ಮೆ ಹೋಗುವವರು ಅವಸರವಾದಾಗ ಓಡದೆ, ಕುಳಿತು ಶ್ರೋಣಿತಳವನ್ನು ಕೆಲವು ಸಲ ಬೇಗಬೇಗ ಬಿಗಿಮಾಡಿ, ಅವಸರ ಇಳಿದ ಮೇಲೆ ನಡೆದು ಹೋಗುತ್ತಾರೆ. ಅಂತರವನ್ನು ವಾರಕ್ಕೆ ಹದಿನೈದು ಇಪ್ಪತ್ತು ನಿಮಿಷದಂತೆ ಹೆಚ್ಚಿಸುತ್ತ ಎರಡೂವರೆ ಮೂರು ಗಂಟೆಗೆ ತರುವುದು ಗುರಿ. ಕನಿಷ್ಠ ಆರು ವಾರ ಬೇಕು. ಮರೆವು ಇರುವ ಹಿರಿಯರಿಗೆ ಮನೆಯವರೇ ನಿಗದಿತ ಸಮಯಕ್ಕೆ ಕರೆದೊಯ್ಯುವ ಕ್ರಮ ಹೆಚ್ಚು ಉಪಯುಕ್ತ.

ಔಷಧ. ಅವಸರದ ಸೋರಿಕೆಗೆ ಆಕ್ಸಿಬ್ಯುಟಿನಿನ್, ಟಾಲ್ಟರೋಡಿನ್, ಸೋಲಿಫೆನಾಸಿನ್ ಮೊದಲಾದ ಆಂಟಿಕೊಲಿನರ್ಜಿಕ್ ಗುಂಪಿನವು ಬಳಕೆಯಲ್ಲಿವೆ. ಇವು ಡಿಟ್ರೂಸರಿನ ಸಂಕೋಚನ ತಗ್ಗಿಸುತ್ತವೆ. ಬಾಯಿ ಒಣಗುವುದು, ಮಲಬದ್ಧತೆ ಸಾಮಾನ್ಯ ಅಡ್ಡಪರಿಣಾಮಗಳು. ಈ ಗುಂಪಿನ ಔಷಧಗಳ ದೀರ್ಘಬಳಕೆಗೂ ಮರೆಗುಳಿ ರೋಗಕ್ಕೂ ನಂಟಿರುವುದನ್ನು ಬ್ರಿಟನ್ನಿನ 2019ರ ದೊಡ್ಡ ಅಧ್ಯಯನವೊಂದು ತೋರಿಸಿದ್ದರಿಂದ ಹಿರಿಯರಿಗೆ ಕೊಡುವಾಗ ಎಚ್ಚರ ಬೇಕು. ಬೀಟಾ-3 ಗ್ರಾಹಕಗಳ ಮೂಲಕ ಕೆಲಸ ಮಾಡುವ ಮಿರಾಬೆಗ್ರಾನ್ ಜಪಾನಿನಲ್ಲಿ 2011ರಲ್ಲಿ, ಅಮೆರಿಕದಲ್ಲಿ 2012ರಲ್ಲಿ ಮಾರುಕಟ್ಟೆಗೆ ಬಂತು. ಅದರಿಂದ ಬಾಯಿ ಒಣಗುವುದು ಕಡಿಮೆ, ಆದರೆ ರಕ್ತದೊತ್ತಡ ಗಮನಿಸುತ್ತಿರಬೇಕು. ಋತುಬಂಧದ ನಂತರ ಯೋನಿಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಅವಸರವನ್ನೂ ಸೋಂಕನ್ನೂ ತಗ್ಗಿಸುತ್ತದೆ. ಬಾಯಿಯ ಮೂಲಕ ಸೇವಿಸುವ ಹಾರ್ಮೋನ್ ಮಾತ್ರೆಗಳು ಇದಕ್ಕೆ ವಿರುದ್ಧ: ಅವು ಸೋರಿಕೆಯನ್ನು ಹೆಚ್ಚಿಸುತ್ತವೆಂದು ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗದಲ್ಲಿ ಕಂಡುಬಂದಿತು.

ಮಾತ್ರೆಗಳಿಗೆ ಬಗ್ಗದ ಅವಸರಕ್ಕೆ ಮೂತ್ರಕೋಶದ ಗೋಡೆಗೆ ಬೊಟುಲಿನಮ್ ಟಾಕ್ಸಿನ್ ಚುಚ್ಚುತ್ತಾರೆ. ಪರಿಣಾಮ ಕೆಲವು ತಿಂಗಳು ಇರುತ್ತದೆ. ಕೆಲವರಿಗೆ ಮೂತ್ರ ಕಟ್ಟಿಕೊಂಡು ತಾತ್ಕಾಲಿಕವಾಗಿ ಕೆಥೆಟರ್ ಬೇಕಾಗಬಹುದು. ಹಿಮ್ಮಡಿಯ ಬಳಿಯ ಟಿಬಿಯಲ್ ನರವನ್ನು ಅಥವಾ ಸೇಕ್ರಲ್ ನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ವಿಧಾನಗಳೂ ಇವೆ.

ಪೆಸರಿ. ಯೋನಿಯೊಳಗೆ ಇಡುವ ಸಿಲಿಕೋನ್ ಬಳೆಯಂಥ ಸಾಧನ. ಜಾರಿದ ಗರ್ಭಕೋಶಕ್ಕೂ ವಿಸರ್ಜನಾ ನಾಳಕ್ಕೂ ಆಸರೆ ಕೊಡುತ್ತದೆ. ಶಸ್ತ್ರಚಿಕಿತ್ಸೆ ಬೇಡದವರಿಗೆ, ಆಗದವರಿಗೆ ಸೂಕ್ತ.

ಶಸ್ತ್ರಚಿಕಿತ್ಸೆ. ವ್ಯಾಯಾಮದಿಂದ ಫಲ ಸಿಗದ ಒತ್ತಡದ ಸೋರಿಕೆಗೆ ಮಾತ್ರ ಇದರ ಪರಿಗಣನೆ. ಪಾಲಿಪ್ರೊಪಿಲೀನ್ ಪಟ್ಟಿ ಹಾಕುವ ವಿಧಾನ ಪರಿಣಾಮಕಾರಿ. ಉಲ್ಮ್‌ಸ್ಟೆನ್ ಮಾರ್ಗವನ್ನೂ ತೊಡೆಯ ಸಂದಿಯ ಮಾರ್ಗವನ್ನೂ ಹೋಲಿಸಿ 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಒಂದು ವರ್ಷದ ನಂತರ ಕ್ರಮವಾಗಿ ಶೇ 80.8 ಮತ್ತು ಶೇ 77.7 ಯಶಸ್ಸು ಕಂಡುಬಂತು. ಆದರೆ ಕೆಲವರಲ್ಲಿ ಪಟ್ಟಿ ಯೋನಿಗೋಡೆ ಕೊರೆದು ಹೊರಬಂದು, ಮಾಸದ ನೋವು ಉಳಿಯಿತು. ದೂರುಗಳು ಹೆಚ್ಚಿದ ಮೇಲೆ ಬ್ರಿಟನ್ 2018ರ ಜುಲೈನಲ್ಲಿ ಈ ಪಟ್ಟಿಗಳ ಬಳಕೆಯನ್ನು ತಡೆಹಿಡಿಯಿತು. ಅಮೆರಿಕ 2019ರ ಏಪ್ರಿಲ್‌ನಲ್ಲಿ ಗರ್ಭಕೋಶ ಜಾರುವಿಕೆಗೆ ಯೋನಿಯ ಮೂಲಕ ಹಾಕುವ ಜಾಲರಿಯ ಮಾರಾಟ ನಿಲ್ಲಿಸಿತೇ ಹೊರತು ಸೋರಿಕೆಯ ಪಟ್ಟಿಗೆ ಆ ನಿರ್ಬಂಧ ಹಾಕಲಿಲ್ಲ. ಈ ಎರಡನ್ನೂ ಒಂದೇ ಎಂದು ಭಾವಿಸಬಾರದು. ರೋಗಿಯ ದೇಹದ್ದೇ ತಂತುಪಟ್ಟಿ ಬಳಸುವ ವಿಧಾನ ಮತ್ತು ಬರ್ಚ್ ವಿಧಾನ ಇದರಿಂದಾಗಿ ಮತ್ತೆ ಬಳಕೆಗೆ ಬಂದಿವೆ. ನಾಳದ ಗೋಡೆಗೆ ಜೆಲ್ ಚುಚ್ಚಿ ದಪ್ಪಗಾಗಿಸುವುದು ಮತ್ತೊಂದು ಆಯ್ಕೆ. ಅಪಾಯ ಕಡಿಮೆ, ಫಲವೂ ಕಡಿಮೆ.

ಹೀರುವ ಸಾಧನಗಳು. ಮುಟ್ಟಿನ ಪ್ಯಾಡ್ ಮೂತ್ರಕ್ಕಾಗಿ ತಯಾರಾದದ್ದಲ್ಲ, ಬೇಗ ಹೀರದೆ ಚರ್ಮ ಒದ್ದೆಯಾಗಿ ಉಳಿಯುತ್ತದೆ. ಸೋರಿಕೆಯ ಪ್ಯಾಡ್ ಮತ್ತು ವಯಸ್ಕರ ಡೈಪರ್ ಔಷಧದಂಗಡಿಗಳಲ್ಲಿ ಸಿಗುತ್ತವೆ, ದಿನನಿತ್ಯಕ್ಕೆ ದುಬಾರಿ. ಹಳೆಯ ಹತ್ತಿ ಸೀರೆಯ ಬಟ್ಟೆ ಬಳಸುವವರು ಆಗಾಗ ಬದಲಿಸಿ, ತೊಳೆದು ಬಿಸಿಲಲ್ಲಿ ಒಣಗಿಸಬೇಕು.

ಪರಿಣಾಮಗಳು

ಸೋರಿಕೆ ಪ್ರಾಣಾಪಾಯ ತರುವುದಿಲ್ಲ, ಆದರೆ ಬದುಕಿನ ವ್ಯಾಪ್ತಿಯನ್ನು ಕುಗ್ಗಿಸುತ್ತದೆ. ಮದುವೆಮನೆ, ದೇವಸ್ಥಾನ, ದೂರದ ಬಸ್ ಪ್ರಯಾಣ ಒಂದೊಂದಾಗಿ ಬಿಟ್ಟುಹೋಗುತ್ತವೆ. ಮಡಿಮೈಲಿಗೆ ಪಾಲಿಸುವ ಮನೆಗಳಲ್ಲಿ ಹಿರಿಯ ಮಹಿಳೆ ಪೂಜೆಯಿಂದ, ಅಡುಗೆಮನೆಯಿಂದ ತಾನಾಗಿಯೇ ದೂರ ಉಳಿಯುತ್ತಾಳೆ. ದಾಂಪತ್ಯಕ್ಕೂ ತೊಡಕಾಗುತ್ತದೆ, ಖಿನ್ನತೆ ಜೊತೆಗೂಡುವುದುಂಟು. ದೈಹಿಕ ಅಪಾಯವೂ ಸಣ್ಣದಲ್ಲ. ವಾರಕ್ಕೊಮ್ಮೆಯಾದರೂ ಅವಸರದ ಸೋರಿಕೆ ಆಗುವ ಹಿರಿಯ ಮಹಿಳೆಯರು ಬೀಳುವ ಸಾಧ್ಯತೆ ಶೇ 26ರಷ್ಟು, ಮೂಳೆ ಮುರಿಯುವ ಸಾಧ್ಯತೆ ಶೇ 34ರಷ್ಟು ಹೆಚ್ಚೆಂದು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಹೇಳುತ್ತದೆ. ರಾತ್ರಿ ಕತ್ತಲಲ್ಲಿ, ಒದ್ದೆ ನೆಲದ ಮೇಲೆ, ಬಚ್ಚಲಿಗೆ ಧಾವಿಸುವಾಗಲೇ ಇಂಥ ಬೀಳುವಿಕೆಗಳು ಆಗುತ್ತವೆ. ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ದೀಪ, ಗೋಡೆಗೆ ಹಿಡಿಕೆ, ಮಂಚದ ಪಕ್ಕ ಕಮೋಡ್ ಕುರ್ಚಿ ಇವು ಚಿಕಿತ್ಸೆಯ ಭಾಗವೇ.

ಭಾರತ ಮತ್ತು ಕರ್ನಾಟಕದಲ್ಲಿ ಸದ್ಯದ ಸ್ಥಿತಿ

ಭಾರತದಲ್ಲಿ ಮಹಿಳೆಯರ ಮೂತ್ರ ಮತ್ತು ಶ್ರೋಣಿತಳದ ತೊಂದರೆಗಳನ್ನು ನೋಡುವ ಯುರೋಗೈನಕಾಲಜಿ ಎಂಬ ಉಪಶಾಖೆ ದೊಡ್ಡ ನಗರಗಳಿಗೆ ಸೀಮಿತ. ಬೆಂಗಳೂರಿನ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯಲ್ಲಿ ಹಾಗೂ ವೈದ್ಯಕೀಯ ಕಾಲೇಜುಗಳ ಮೂತ್ರರೋಗ ಮತ್ತು ಸ್ತ್ರೀರೋಗ ವಿಭಾಗಗಳಲ್ಲಿ ಚಿಕಿತ್ಸೆ ಲಭ್ಯ. ಮೇಲೆ ಹೇಳಿದ ಹೆಚ್ಚಿನ ಔಷಧಗಳು ದೇಶೀಯವಾಗಿ ತಯಾರಾಗುತ್ತವೆ.

ಬಿಳಿಸೆರಗು, ಸೊಂಟನೋವು, ಮೂತ್ರದ ತೊಂದರೆಯಂಥ ಕಾರಣಗಳಿಗೂ ಗರ್ಭಕೋಶ ತೆಗೆಯುವ ಪ್ರವೃತ್ತಿ ಇಲ್ಲಿನ ಗಂಭೀರ ಸಮಸ್ಯೆ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡಿದ ಪ್ರಕರಣಗಳು 2015ರಲ್ಲಿ ಸಾರ್ವಜನಿಕ ಚರ್ಚೆಗೆ ಬಂದು ತನಿಖೆಗೆ ಒಳಗಾದವು. ಅನಗತ್ಯ ಗರ್ಭಕೋಶ ತೆಗೆಯುವಿಕೆಯನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಸೋರಿಕೆಗೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ.

ಹೊಲ, ಗಾರ್ಮೆಂಟ್ ಕಾರ್ಖಾನೆ, ಬೀದಿಬದಿಯ ವ್ಯಾಪಾರ ಇಂಥ ಕಡೆ ದುಡಿಯುವ ಮಹಿಳೆಯರಿಗೆ ಬೇಕಾದಾಗ ಶೌಚಾಲಯ ಸಿಗುವುದಿಲ್ಲ. ನೀರು ಕುಡಿಯದೆ, ಮೂತ್ರ ತಡೆದು ದಿನ ದೂಡುವುದು ಅಲ್ಲಿ ರೂಢಿಯಾಗಿದ್ದು, ಇದರಿಂದ ಸೋಂಕು ಮರುಕಳಿಸುತ್ತದೆ. ಹತ್ತಿರದಲ್ಲಿ ಶುಚಿಯಾದ ಶೌಚಾಲಯ ಇರಬೇಕಾದದ್ದು ಈ ಮಹಿಳೆಯರ ಮಟ್ಟಿಗೆ ಆರೋಗ್ಯಸೇವೆಯ ಪ್ರಶ್ನೆಯೇ ಆಗಿದೆ.

ಮಧುಮೇಹ, ರಕ್ತದೊತ್ತಡ ತಪಾಸಣೆಗೆ ಬರುವ ನಲವತ್ತು ದಾಟಿದ ಪ್ರತಿ ಮಹಿಳೆಗೂ ‘ಕೆಮ್ಮಿದರೆ ಮೂತ್ರ ಹೋಗುತ್ತದೆಯೇ, ಅವಸರವಾದರೆ ತಡೆದುಕೊಳ್ಳಲು ಆಗುತ್ತದೆಯೇ’ ಎಂಬ ಎರಡು ಪ್ರಶ್ನೆ ಕೇಳುವುದರಿಂದಲೇ ಹೆಚ್ಚಿನ ಪ್ರಕರಣಗಳು ಪತ್ತೆಯಾಗುತ್ತವೆ. ಮೂತ್ರಪರೀಕ್ಷೆ, ರಕ್ತಸಕ್ಕರೆ, ಕೆಮ್ಮು ಪರೀಕ್ಷೆ, ಮೂತ್ರ ದಿನಚರಿ, ಔಷಧಗಳ ಮರುಪರಿಶೀಲನೆ, ಶ್ರೋಣಿತಳ ವ್ಯಾಯಾಮದ ಕಲಿಕೆ, ಇಷ್ಟನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟದಲ್ಲಿ, ವಿಶೇಷ ಯಂತ್ರಗಳಿಲ್ಲದೆ, ತರಬೇತಾದ ಸಿಬ್ಬಂದಿಯಿಂದ ಮಾಡಿಸಬಹುದು.